ನಗರಪಾಲಿಕೆಯ ಮತದಾರ ಯಾರು?

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೊರನಾಡ ಕನ್ನಡಿಗರ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಭಾಷೆಯ ಬಗ್ಗೆ, ಸಾಹಿತ್ಯದ ಬಗ್ಗೆ, ಯಕ್ಷಗಾನ ನಾಟಕಗಳ ಬಗ್ಗೆ, ಗಡಿಯ ಬಗ್ಗೆ ಮಾತನಾಡುತ್ತೇವೆ. ಇಂದು ಸಂಘದವರು ನನಗೆ ಒಪ್ಪಿಸಿರುವ ವಿಷಯ ಅವುಗಳಷ್ಟು ಆಕರ್ಷಕವಾದುದಲ್ಲ. ನಗರಪಾಲಿಕೆಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಯಾರಿಗಿದೆ ಎಂಬುದೇ ಆ ವಿಷಯ. ಮೇಲ್ನೋಟಕ್ಕೆ ಇದು ವಕೀಲರಿಗೆ ಬಿಟ್ಟುಬಿಡಬಹುದಾದ ಒಣ ಪ್ರಶ್ನೆಯಂತೆ ತೋರುತ್ತದೆ. ಆದರೆ ಹುಟ್ಟಿದ ಊರನ್ನು ಬಿಟ್ಟು ಬೇರೊಂದು ರಾಜ್ಯದ ನಗರದಲ್ಲಿ ಅನ್ನ ಹುಡುಕಿಕೊಂಡ ನಮ್ಮಂಥವರಿಗೆ ಇದು ‘ನಾವು ಎಲ್ಲಿಯವರು’ ಎಂಬ ಹಳೆಯ ಪ್ರಶ್ನೆಯೇ ಆಗಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದ ಕಾನೂನಿನಲ್ಲಿ ಪಾಲಿಕೆಯ ಮತ ಹುಟ್ಟಿಗೆ ಸೇರಿದ್ದಲ್ಲ, ಭಾಷೆಗೆ ಸೇರಿದ್ದಲ್ಲ, ಸ್ವಂತ ಮನೆಗೆ ಸೇರಿದ್ದೂ ಅಲ್ಲ. ಅದು ವಾಸಕ್ಕೆ ಸೇರಿದ್ದು. ಈ ಹಕ್ಕು ಬಹು ಕಾಲದ ನಂತರ ನಮಗೆ ದೊರಕಿದೆ. ಇಂದು ನಮ್ಮಲ್ಲಿ ಅನೇಕರು ಅದನ್ನು ಕಳೆದುಕೊಂಡಿದ್ದರೆ ಅದಕ್ಕೆ ಕಾನೂನಿಗಿಂತ ನಮ್ಮ ಉದಾಸೀನವೇ ಹೆಚ್ಚು ಕಾರಣ.

ಮೊದಲು ಸ್ವಲ್ಪ ಇತಿಹಾಸ. ಮುಂಬಯಿಯ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. 1872ರ ಕಾಯಿದೆಯ ಪ್ರಕಾರ ರಚಿತವಾದ ಮುಂಬಯಿ ನಗರಪಾಲಿಕೆಯಲ್ಲಿ 64 ಸದಸ್ಯರಿದ್ದರು. ಅವರಲ್ಲಿ ಅರ್ಧದಷ್ಟು, ಎಂದರೆ 32 ಮಂದಿಯನ್ನು ಮಾತ್ರ ತೆರಿಗೆದಾರರು ಆರಿಸುತ್ತಿದ್ದರು. ಉಳಿದವರನ್ನು ಜಸ್ಟಿಸ್ ಆಫ್ ದಿ ಪೀಸ್ ಎಂಬ ಗೌರವ ಪದವಿಯ ಗಣ್ಯರು ಮತ್ತು ಸರಕಾರ ಸಮಪಾಲಾಗಿ ಹಂಚಿಕೊಂಡಿದ್ದರು. ವರ್ಷಕ್ಕೆ 50 ರೂಪಾಯಿ ತೆರಿಗೆ ಕಟ್ಟುವಷ್ಟು ಆಸ್ತಿ ಇದ್ದವನೇ ಅಂದು ಮತದಾರ. ಆಗ ನಗರದ ಜನಸಂಖ್ಯೆ 6 ಲಕ್ಷ 44 ಸಾವಿರ. ಅದರಲ್ಲಿ ಮತದ ಹಕ್ಕು ಇದ್ದವರು ಕೆಲವೇ ಸಾವಿರ ಮಂದಿ. ಫಿರೋಜ್‌ಶಾ ಮೆಹತಾ, ಕಾಶಿನಾಥ ತ್ರ್ಯಂಬಕ ತೇಲಂಗರಂಥ ಧೀಮಂತರು ಶ್ರಮಿಸಿದ 1888ರ ಕಾಯಿದೆ ಸದಸ್ಯರ ಸಂಖ್ಯೆಯನ್ನು 72ಕ್ಕೆ ಏರಿಸಿತು. ಆಗಲೂ ವಾರ್ಡುಗಳಿಂದ ಆರಿಸಿ ಬರುವವರು 36 ಮಂದಿ ಮಾತ್ರ. ಅದೇ 1888ರ ಕಾಯಿದೆ ಅನೇಕ ತಿದ್ದುಪಡಿಗಳೊಡನೆ ಇಂದಿಗೂ ಈ ನಗರವನ್ನು ಆಳುತ್ತಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

1922ರಲ್ಲಿ ಒಂದು ದೊಡ್ಡ ಬದಲಾವಣೆ ಬಂತು. ತಿಂಗಳಿಗೆ 10 ರೂಪಾಯಿ ಬಾಡಿಗೆ ಕೊಡುವವನಿಗೂ ಮತದ ಹಕ್ಕು ದೊರೆಯಿತು. ಒಡೆಯನ ಜೊತೆಗೆ ಬಾಡಿಗೆದಾರನೂ ನಾಗರಿಕನೆಂದು ಆಗ ಮೊದಲ ಬಾರಿಗೆ ಒಪ್ಪಿಕೊಳ್ಳಲಾಯಿತು. ಆದರೆ ಇಲ್ಲಿಯೂ ಒಂದು ಮಾತನ್ನು ಗಮನಿಸಬೇಕು. ಚಾಳಿನ ಒಂದು ಖೋಲಿಯಲ್ಲಿ ಎಂಟು ಹತ್ತು ಮಂದಿ ಇದ್ದರೆ, ಬಾಡಿಗೆ ಚೀಟಿ ಯಾರ ಹೆಸರಿನಲ್ಲಿತ್ತೋ ಆತನಷ್ಟೇ ಲೆಕ್ಕಕ್ಕೆ ಬರುತ್ತಿದ್ದ. ಬಾಡಿಗೆ ಹತ್ತು ರೂಪಾಯಿಗಿಂತ ಕಡಿಮೆಯಾದರೆ ಆತನೂ ಇಲ್ಲ. ಹೋಟೆಲಿನಲ್ಲಿಯೇ ದುಡಿದು, ರಾತ್ರಿ ಬಾಗಿಲು ಹಾಕಿದ ಮೇಲೆ ಅಲ್ಲಿಯ ಮೇಜುಗಳನ್ನು ಸರಿಸಿ ಚಾಪೆ ಹಾಸಿಕೊಳ್ಳುತ್ತಿದ್ದ ನಮ್ಮ ಕರಾವಳಿಯ ಹುಡುಗರಿಗೆ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ಅವರು ಈ ನಗರಕ್ಕೆ ಉಣಿಸಿದರು. ಈ ನಗರದ ಆಡಳಿತದಲ್ಲಿ ಅವರಿಗೆ ದನಿ ಇರಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿಯೇ ಇಲ್ಲಿ ಹುಟ್ಟಿತ್ತು. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಸ್ಥಾಪನೆಯಾದವು. ನಮ್ಮ ಸಂಸ್ಥೆಗಳು ನಮ್ಮಲ್ಲಿ ಬಹುತೇಕರ ಮತದ ಹಕ್ಕಿಗಿಂತ ಹಳೆಯವು ಎಂದರ್ಥ.

ವಯಸ್ಕ ಮತದಾನದ ಆಧಾರದ ಮೇಲೆ ಮುಂಬಯಿ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 1948ರಲ್ಲಿ. ಸಂವಿಧಾನ ಜಾರಿಗೆ ಬರುವುದಕ್ಕೂ, 1951-52ರ ಮೊದಲ ಮಹಾಚುನಾವಣೆಗೂ ಮುಂಚೆ. ಆಸ್ತಿ, ತೆರಿಗೆ, ಬಾಡಿಗೆ ಎಲ್ಲವೂ ಆಗ ಬಿದ್ದುಹೋಗಿ ವಯಸ್ಸು ಮತ್ತು ವಾಸ ಮಾತ್ರ ಉಳಿದವು.

ಈಗ ಇಂದಿನ ಕಾನೂನಿಗೆ ಬರೋಣ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಾಡಳಿತಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತು. ಸದಸ್ಯರನ್ನು ವಾರ್ಡುಗಳಿಂದ ನೇರ ಚುನಾವಣೆಯ ಮೂಲಕ ಆರಿಸಬೇಕು, ಅವಧಿ ಐದು ವರ್ಷ, ಮತದಾರರ ಯಾದಿಯ ಸಿದ್ಧತೆ ಮತ್ತು ಚುನಾವಣೆಯ ಉಸ್ತುವಾರಿ ರಾಜ್ಯ ಚುನಾವಣಾ ಆಯೋಗದ್ದು ಎಂದು ಅದು ವಿಧಿಸಿತು. ಆದರೆ ಮತದಾರ ಯಾರು ಎಂಬುದನ್ನು ಅದು ಬಿಡಿಸಿ ಹೇಳಲಿಲ್ಲ. ವಯಸ್ಕ ಮತದಾನವನ್ನು ಹೇಳುವ 326ನೆಯ ಅನುಚ್ಛೇದ ಲೋಕಸಭೆ ಮತ್ತು ವಿಧಾನಸಭೆಗಳನ್ನು ಕುರಿತದ್ದು. ಪಾಲಿಕೆಯ ಮತದಾರನನ್ನು ಗುರುತಿಸುವ ಕೆಲಸ ರಾಜ್ಯಗಳ ಕಾನೂನಿಗೆ ಬಿಟ್ಟದ್ದು. ಮಹಾರಾಷ್ಟ್ರದಲ್ಲಿ ವಿಧಾನಸಭೆಯ ಯಾದಿಯನ್ನೇ ತೆಗೆದುಕೊಂಡು, ವಾರ್ಡುಗಳಿಗೆ ತಕ್ಕಂತೆ ವಿಂಗಡಿಸುತ್ತಾರೆ. ಕೇರಳ, ಉತ್ತರ ಪ್ರದೇಶದಂಥ ರಾಜ್ಯಗಳಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಬೇರೆಯದೇ ಯಾದಿ ಇದೆ. ಕಾಸರಗೋಡಿನ ನಮ್ಮ ಬಂಧುಗಳು ಎರಡು ಯಾದಿಗಳಲ್ಲಿಯೂ ತಮ್ಮ ಹೆಸರನ್ನು ನೋಡಿಕೊಳ್ಳಬೇಕಾಗುತ್ತದೆ.

ಆದ್ದರಿಂದ ಮುಂಬಯಿ, ಪುಣೆ, ಸೊಲ್ಲಾಪುರಗಳ ಕನ್ನಡಿಗನಿಗೆ ಪಾಲಿಕೆಯ ಬಾಗಿಲು ವಿಧಾನಸಭೆಯ ಯಾದಿಯ ಮೂಲಕವೇ ತೆರೆಯುತ್ತದೆ. ಆ ಯಾದಿಗೆ ಸೇರಲು 1950ರ ಜನತಾ ಪ್ರಾತಿನಿಧ್ಯ ಕಾಯಿದೆ ಹೇಳುವ ಅರ್ಹತೆಗಳು ಸರಳವಾಗಿವೆ. ಭಾರತದ ಪೌರನಾಗಿರಬೇಕು. ನಿಗದಿಯಾದ ದಿನಾಂಕದಂದು 18 ವರ್ಷ ತುಂಬಿರಬೇಕು. 1989ಕ್ಕೆ ಮುಂಚೆ ಇದು 21 ಆಗಿತ್ತು. ಬುದ್ಧಿಸ್ಥಿಮಿತವಿಲ್ಲವೆಂದು ನ್ಯಾಯಾಲಯ ಸಾರಿರಬಾರದು; ಚುನಾವಣಾ ಭ್ರಷ್ಟಾಚಾರಕ್ಕಾಗಿ ಅನರ್ಹನಾಗಿರಬಾರದು. ಕೊನೆಯದಾಗಿ, ಆ ಕ್ಷೇತ್ರದಲ್ಲಿ ‘ಸಾಮಾನ್ಯವಾಗಿ ವಾಸಿಸುವವ’ನಾಗಿರಬೇಕು.

ಈ ಕೊನೆಯ ಮಾತಿನಲ್ಲಿಯೇ ನಮ್ಮ ಸಮಸ್ಯೆಯೆಲ್ಲ ಅಡಗಿದೆ. ಕಾಯಿದೆಯ 20ನೆಯ ಕಲಮು ಎರಡು ವಿಷಯಗಳನ್ನು ಸ್ಪಷ್ಟಪಡಿಸುತ್ತದೆ. ಒಂದು, ಒಂದು ಊರಿನಲ್ಲಿ ಮನೆ ಇದೆ ಎಂಬ ಮಾತ್ರಕ್ಕೆ ಅಲ್ಲಿಯ ವಾಸಿಯೆಂದು ಹೇಳಲಾಗುವುದಿಲ್ಲ. ಎರಡು, ತಾತ್ಕಾಲಿಕವಾಗಿ ಊರು ಬಿಟ್ಟು ಹೋದ ಮಾತ್ರಕ್ಕೆ ಅಲ್ಲಿಯ ವಾಸಿ ಅಲ್ಲವೆಂದೂ ಹೇಳಲಾಗುವುದಿಲ್ಲ. ಉಡುಪಿಯ ಕಡೆಯ ಹಳ್ಳಿಯಲ್ಲಿ ತರವಾಡು ಮನೆ ಇದೆ, ವರ್ಷಕ್ಕೊಮ್ಮೆ ಕೋಲಕ್ಕೋ ನಾಗಪೂಜೆಗೋ ಹೋಗಿಬರುತ್ತೇವೆ ಎಂಬ ಕಾರಣಕ್ಕೆ ನಾವು ಆ ಊರಿನ ಮತದಾರರಾಗುವುದಿಲ್ಲ. ಮೂವತ್ತು ವರ್ಷ ಮುಂಬಯಿಯ ಉಪನಗರದಲ್ಲಿ ಸಂಸಾರ ಹೂಡಿದವನು ಕಾನೂನಿನ ದೃಷ್ಟಿಯಲ್ಲಿ ಮುಂಬಯಿಯವನೇ. ವಿಜಯಪುರ, ಕಲಬುರಗಿ ಕಡೆಯಿಂದ ಬೇಸಿಗೆಯಲ್ಲಿ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು, ಮಳೆ ಬೀಳುತ್ತಲೇ ಹೊಲಕ್ಕೆ ಮರಳುವ ಕೂಲಿಕಾರನ ಮಾತು ಬೇರೆ. ಅವನ ಮನೆ, ಮಕ್ಕಳು, ಹೊಲ ಎಲ್ಲ ಅಲ್ಲಿಯೇ ಇರುವುದರಿಂದ ಅವನ ಮತ ಅಲ್ಲಿಯೇ ಉಳಿಯುವುದು ನ್ಯಾಯ. ಇಬ್ಬರೂ ‘ಊರು ಬಿಟ್ಟವರು’. ಆದರೆ ಕಾನೂನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಸಂಘದ ಪರವಾಗಿ ಹೆಸರು ನೋಂದಾಯಿಸುವ ಕೆಲಸಕ್ಕೆ ಮನೆಮನೆಗೆ ಹೋದಾಗ ನಾನು ಹೆಚ್ಚಾಗಿ ಕೇಳಿದ ಮಾತು ಒಂದೇ: “ನಮ್ಮ ಓಟು ಊರಲ್ಲಿದೆ ಮಾರಾಯ್ರೆ.” ಈ ಮಾತಿನ ಹಿಂದಿರುವ ಭಾವನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಊರಿನ ಯಾದಿಯಲ್ಲಿ ಹೆಸರಿದ್ದರೆ ಊರಿನೊಡನೆ ಒಂದು ಎಳೆ ಉಳಿದಂತೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಅವರಲ್ಲಿ ಎಷ್ಟು ಮಂದಿ ಪಂಚಾಯತಿ ಚುನಾವಣೆಗೆಂದು ರೈಲು ಹತ್ತಿ ಹೋಗುತ್ತಾರೆ? ಹೋಗದವನ ಮತ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಇನ್ನು ಕೆಲವರು ಎರಡೂ ಕಡೆ ಹೆಸರು ಇಟ್ಟುಕೊಂಡಿರುತ್ತಾರೆ. ಇದು ಜಾಣತನವಲ್ಲ, ಅಪರಾಧಕ್ಕೆ ದಾರಿ. ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹೆಸರು ಇರಕೂಡದೆಂದು 17ನೆಯ ಕಲಮು ಹೇಳುತ್ತದೆ. ಸುಳ್ಳು ಘೋಷಣೆ ಮಾಡಿದವನಿಗೆ 31ನೆಯ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಊರಿನ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲು 8ನೆಯ ನಮೂನೆ ಇದೆ. ಹೊಸಬರಿಗೆ 6ನೆಯ ನಮೂನೆ. ಇಷ್ಟು ಸುಲಭದ ಕೆಲಸವನ್ನು ನಾವು ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತೇವೆ.

ಕೆಲವು ತಪ್ಪು ತಿಳಿವಳಿಕೆಗಳನ್ನೂ ಇಲ್ಲಿ ನಿವಾರಿಸಬೇಕು. ಹದಿನೈದು ವರ್ಷ ವಾಸವಾಗಿರದೆ ಮಹಾರಾಷ್ಟ್ರದಲ್ಲಿ ಮತ ಇಲ್ಲವೆಂದು ಹಲವರು ನಂಬಿದ್ದಾರೆ. ಹದಿನೈದು ವರ್ಷದ ನಿಯಮ ಇರುವುದು ಡೊಮಿಸೈಲ್ ಪ್ರಮಾಣಪತ್ರಕ್ಕೆ. ಅದು ಕಾಲೇಜು ಪ್ರವೇಶ, ಸರಕಾರಿ ನೌಕರಿ ಇತ್ಯಾದಿಗಳಿಗೆ ಸಂಬಂಧಿಸಿದ್ದು. ಮತಕ್ಕೂ ಅದಕ್ಕೂ ಸಂಬಂಧವಿಲ್ಲ. ಮರಾಠಿ ಬರಬೇಕೆಂಬ ನಿಯಮವೂ ಇಲ್ಲ. ಸ್ವಂತ ಫ್ಲಾಟು ಬೇಕಿಲ್ಲ. ಮನೆತೆರಿಗೆ ಕಟ್ಟಿದ ರಸೀತಿ ಬೇಕಿಲ್ಲ. ಇನ್ನು, ಮತದಾರರ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು ಎಂಬುದೂ ತಪ್ಪು. ಯಾದಿಯಲ್ಲಿ ಹೆಸರಿಲ್ಲದಿದ್ದರೆ ಚೀಟಿ ಕೆಲಸಕ್ಕೆ ಬರುವುದಿಲ್ಲ. ಯಾದಿಯಲ್ಲಿ ಹೆಸರಿದ್ದರೆ ಆ ಚೀಟಿಯ ಬದಲು ಅಂಗೀಕೃತವಾದ ಬೇರೆ ಗುರುತು ತೋರಿಸಿಯೂ ಮತ ಹಾಕಬಹುದು. ವಿದೇಶದ ಪೌರತ್ವ ಪಡೆದ ನಮ್ಮ ಮಕ್ಕಳಿಗೆ, ಅವರ ಬಳಿ ಓಸಿಐ ಕಾರ್ಡು ಇದ್ದರೂ, ಇಲ್ಲಿ ಮತವಿಲ್ಲ. ಹಾಗೆಯೇ ಮತದಾರನ ಅರ್ಹತೆ ಬೇರೆ, ಅಭ್ಯರ್ಥಿಯ ಅರ್ಹತೆ ಬೇರೆ. ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು. ಎರಡಕ್ಕಿಂತ ಹೆಚ್ಚು ಮಕ್ಕಳ ಬಗೆಗಿನ ಮಹಾರಾಷ್ಟ್ರದ ನಿರ್ಬಂಧ ಅವನಿಗೆ ಮಾತ್ರ, ಮತದಾರನಿಗೆ ಅಲ್ಲ.

ಮನೆಯೇ ಇಲ್ಲದವನ ಗತಿ ಏನು? ಅವನಿಗೂ ಹಕ್ಕು ಇದೆ. ನೆಲೆಯಿಲ್ಲದವನು ವಿಳಾಸದ ಕಾಗದ ತೋರಿಸಬೇಕಾಗಿಲ್ಲ. ತಾನು ಮಲಗುವ ಜಾಗವನ್ನು ಅವನು ತಿಳಿಸಿದರೆ, ಮತಗಟ್ಟೆಯ ಅಧಿಕಾರಿ ರಾತ್ರಿ ಬಂದು ಅವನು ಅಲ್ಲಿ ಮಲಗುತ್ತಾನೆಂಬುದನ್ನು ಕಂಡುಕೊಂಡು ಹೆಸರು ಸೇರಿಸಬೇಕೆಂದು ಚುನಾವಣಾ ಆಯೋಗದ ಸೂಚನೆ ಇದೆ. ಹೋಟೆಲಿನ ಮಾಳಿಗೆಯಲ್ಲಿ, ಕ್ಯಾಂಟೀನಿನ ಹಿಂಬದಿಯಲ್ಲಿ ಮಲಗುವ ನಮ್ಮ ಕೆಲಸಗಾರರ ವಿಷಯದಲ್ಲಿ ಈ ಸೂಚನೆಯನ್ನು ನಾವೆಂದಾದರೂ ಬಳಸಿಕೊಂಡಿದ್ದೇವೆಯೇ? ಕೆಲಸಗಾರರು ಅಲ್ಲಿ ವಾಸಿಸುತ್ತಾರೆಂದು ಒಂದು ಸಾಲು ಬರೆದುಕೊಡಲು ನಮ್ಮ ಹೋಟೆಲು ಮಾಲೀಕರಲ್ಲಿ ಕೆಲವರು ಹಿಂಜರಿಯುತ್ತಾರೆ. ಮುಂದೆ ಜಾಗದ ಮೇಲೆ ಹಕ್ಕು ಸಾಧಿಸಿಯಾರು ಎಂಬ ಭಯ. ಮತದಾರರ ಯಾದಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಜಾಗದ ಒಡೆಯರಾಗುವುದಿಲ್ಲ. ಕನ್ನಡಿಗ ಮಾಲೀಕರು ಕನ್ನಡಿಗ ಕೆಲಸಗಾರರಿಗೆ ಮಾಡಬಹುದಾದ ಸಣ್ಣ ಉಪಕಾರವಿದು ಎಂದು ನಾನು ವಿನಂತಿಸುತ್ತೇನೆ.

ಇನ್ನೊಂದು ತೊಡಕು ನಮ್ಮ ಹೆಸರುಗಳದ್ದು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಮೊದಲ ಅಕ್ಷರಗಳನ್ನು ಮುಂದಿಟ್ಟು ಕೊನೆಗೆ ಸ್ವಂತ ಹೆಸರು ಬರೆಯುವ ರೂಢಿ. ಮಹಾರಾಷ್ಟ್ರದಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು ಎಂಬ ಕ್ರಮ. ‘ಕೆ. ಎಸ್. ರಾಮಚಂದ್ರ’ ಎಂಬವರಿಗೆ ಅಡ್ಡಹೆಸರೇ ಇಲ್ಲ. ಯಾದಿ ಬರೆಯುವವನು ಒಂದು ಸಲ ರಾಮಚಂದ್ರ ಎಂಬುದನ್ನೇ ಅಡ್ಡಹೆಸರು ಮಾಡುತ್ತಾನೆ. ಇನ್ನೊಂದು ಸಲ ಊರಿನ ಹೆಸರನ್ನು ಹಿಗ್ಗಿಸಿ ಬರೆಯುತ್ತಾನೆ. ಒಬ್ಬ ಮನುಷ್ಯ ಇಬ್ಬರಾಗುತ್ತಾನೆ, ಆಮೇಲೆ ಪರಿಶೀಲನೆಯಲ್ಲಿ ಇಬ್ಬರೂ ಸಂಶಯಾಸ್ಪದರಾಗುತ್ತಾರೆ. ತಾಯಿಯ ಕಡೆಯ ಮನೆತನದ ಹೆಸರನ್ನು ಇಟ್ಟುಕೊಂಡ ತುಳುನಾಡಿನವರಲ್ಲಿ ತಂದೆ ಮಕ್ಕಳ ಅಡ್ಡಹೆಸರು ಬೇರೆಬೇರೆಯಾಗಿ ಪ್ರಶ್ನೆಗಳು ಏಳುತ್ತವೆ. ಆದ್ದರಿಂದ ಎಲ್ಲ ಕಾಗದಪತ್ರಗಳಲ್ಲಿಯೂ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು, ಯಾದಿಯ ಕರಡು ಪ್ರಕಟವಾದಾಗ ಓದಿ ನೋಡುವುದು ಅತ್ಯಗತ್ಯ.

ವಾಸದ ಆಧಾರದ ಮೇಲಿರುವ ಈ ಹಕ್ಕು ಎಲ್ಲರಿಗೂ ಸಮನಾಗಿ ದೊರೆತಿದೆಯೇ ಎಂದು ಕೇಳಿದರೆ, ಇಲ್ಲ. ದೆಹಲಿಯ ಮಿತ್ರರು ಇದನ್ನು ಚೆನ್ನಾಗಿ ಬಲ್ಲರು. ದೆಹಲಿ ನಗರ ನಿಗಮದ 250 ವಾರ್ಡುಗಳಿಗೆ 2022ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ಆದರೆ ಹೊಸದೆಹಲಿ ನಗರಪಾಲಿಕಾ ಪರಿಷತ್ತಿನ ಪ್ರದೇಶದಲ್ಲಿ, ಸರಕಾರಿ ವಸತಿಗಳಲ್ಲಿ ಇರುವ ನಮ್ಮವರಿಗೆ ವಾರ್ಡಿನ ಸದಸ್ಯನನ್ನು ಆರಿಸುವ ಅವಕಾಶವೇ ಇಲ್ಲ. 1994ರ ಕಾಯಿದೆಯಂತೆ ಆ ಪರಿಷತ್ತು ವಾರ್ಡುಗಳಿಂದ ಚುನಾಯಿತವಾಗುವಂಥದ್ದಲ್ಲ. ಅವರು ಸಂಸದನನ್ನು ಆರಿಸಬಹುದು, ಶಾಸಕನನ್ನು ಆರಿಸಬಹುದು; ಬೀದಿಯ ದೀಪದ ಬಗ್ಗೆ ಕೇಳಬಹುದಾದ ಸದಸ್ಯನನ್ನು ಮಾತ್ರ ಆರಿಸುವಂತಿಲ್ಲ. ಪುಣೆ, ಸಿಕಂದರಾಬಾದುಗಳ ದಂಡು ಪ್ರದೇಶಗಳಿಗೆ 2006ರ ಬೇರೆಯೇ ಕಾಯಿದೆ ಇದೆ. ಅದರಲ್ಲಿ ಆರು ತಿಂಗಳ ವಾಸದ ನಿಯಮವಿದೆ.

ಇದಕ್ಕಿಂತಲೂ ಕಠಿಣವಾದ ಉದಾಹರಣೆ ಜಮ್ಮುವಿನದು. 1947ರಲ್ಲಿ ಪಶ್ಚಿಮ ಪಾಕಿಸ್ತಾನದಿಂದ ಓಡಿಬಂದು ಜಮ್ಮು ಪ್ರಾಂತದಲ್ಲಿ ನೆಲೆಸಿದ ನಿರಾಶ್ರಿತರು ಲೋಕಸಭೆಗೆ ಮತ ಹಾಕಬಹುದಿತ್ತು. ವಿಧಾನಸಭೆಗೂ ಸ್ಥಳೀಯ ಸಂಸ್ಥೆಗಳಿಗೂ ಹಾಕುವಂತಿರಲಿಲ್ಲ. ಏಕೆಂದರೆ ಅವರು ಅಲ್ಲಿಯ ‘ಶಾಶ್ವತ ನಿವಾಸಿ’ಗಳಲ್ಲ. ಎಪ್ಪತ್ತಕ್ಕೂ ಹೆಚ್ಚು ವರ್ಷ, ಮೂರು ತಲೆಮಾರು ಹೀಗೆ ಕಳೆದವು. 2019ರ ಬದಲಾವಣೆಯ ನಂತರವೇ ಅವರಿಗೆ ಈ ಹಕ್ಕು ಬಂತು. 370ನೆಯ ಅನುಚ್ಛೇದದ ಬಗ್ಗೆ ನಮ್ಮ ನಿಮ್ಮ ಅಭಿಪ್ರಾಯ ಏನೇ ಇರಲಿ, ಮಣ್ಣಿನ ಮಕ್ಕಳಿಗೆ ಮಾತ್ರ ಮತ ಎಂಬ ನಿಯಮ ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಇದ್ದಿದ್ದರೆ ನಮ್ಮ ಸ್ಥಿತಿ ಏನಾಗುತ್ತಿತ್ತು ಎಂದು ಈ ಉದಾಹರಣೆಯಿಂದ ಊಹಿಸಬಹುದು. ನಮ್ಮನ್ನು ಕಾಪಾಡಿದ್ದು ದೇಶದ ಯಾವ ಭಾಗದಲ್ಲಾದರೂ ನೆಲೆಸಬಹುದೆಂಬ ಸಂವಿಧಾನದ 19ನೆಯ ಅನುಚ್ಛೇದ. ಇದೇ ನ್ಯಾಯವನ್ನು ಬೆಂಗಳೂರಿನಲ್ಲಿ ನೆಲೆಸಿದ ತಮಿಳರಿಗೆ, ತೆಲುಗರಿಗೆ, ಹಿಂದಿಯವರಿಗೆ ನಾವು ನಿರಾಕರಿಸುವಂತಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಮುಂಬಯಿಯಲ್ಲಿ ಒಂದು ಮಾತು, ಬೆಂಗಳೂರಿನಲ್ಲಿ ಇನ್ನೊಂದು ಮಾತು ಆಡುವವನ ಮಾತಿಗೆ ಬೆಲೆ ಇರುವುದಿಲ್ಲ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಸ್ಥಳೀಯ ಚುನಾವಣೆಯಲ್ಲಿ ಮತವಿದೆ. ಲಂಡನ್ನಿಗೆ ಹೋದ ನಮ್ಮ ಹುಡುಗ ಭಾರತದ ಪಾಸ್‌ಪೋರ್ಟನ್ನು ಇಟ್ಟುಕೊಂಡೇ ಅಲ್ಲಿಯ ಕೌನ್ಸಿಲಿಗೆ ಮತ ಹಾಕುತ್ತಾನೆ. ಘಾಟ್ಕೋಪರದಲ್ಲಿರುವ ಅವನ ತಂದೆಯ ಮತ ಊರಲ್ಲಿಯೇ ಧೂಳು ತಿನ್ನುತ್ತಿರುತ್ತದೆ.

ಈಗ ಇತ್ತೀಚಿನ ಸಂಗತಿಗಳು. ಮುಂಬಯಿ ಪಾಲಿಕೆಗೆ 2017ರ ಫೆಬ್ರವರಿಯ ನಂತರ ಚುನಾವಣೆ ನಡೆದದ್ದು 2026ರ ಜನವರಿ 15ರಂದು. 2022ರ ಮಾರ್ಚಿನಲ್ಲಿ ಅವಧಿ ಮುಗಿದ ಮೇಲೆ ಮೀಸಲಾತಿ, ವಾರ್ಡು ರಚನೆಗಳ ವ್ಯಾಜ್ಯದಿಂದಾಗಿ ಸುಮಾರು ನಾಲ್ಕು ವರ್ಷ ನಗರಸೇವಕರಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ನಗರ ಇತ್ತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕೆಂಬ ಸಂವಿಧಾನದ ಮಾತು ಇದ್ದೂ ಹೀಗಾಯಿತು. 227 ವಾರ್ಡುಗಳ ಆ ಚುನಾವಣೆಗೆ 2025ರ ಜುಲೈ 1ರಂದು ಇದ್ದ ವಿಧಾನಸಭೆಯ ಯಾದಿಯನ್ನು ಆಧಾರವಾಗಿ ಹಿಡಿದರು. ಆ ದಿನಾಂಕದ ನಂತರ ಎಚ್ಚರಗೊಂಡವರು, ಎಷ್ಟೇ ಅರ್ಹರಾಗಿದ್ದರೂ, ಮತಗಟ್ಟೆಯಿಂದ ಹಿಂತಿರುಗಬೇಕಾಯಿತು. ಚುನಾವಣೆ ಘೋಷಣೆಯಾದ ಮೇಲೆ ನಮೂನೆ ತುಂಬಿಸಲು ಹೊರಡುವುದು ವ್ಯರ್ಥವೆಂಬ ಪಾಠವನ್ನು ಇದರಿಂದ ನಾವು ಕಲಿಯಬೇಕು.

ಇನ್ನೊಂದು ಕಡೆ 2025ರ ನವೆಂಬರಿನಿಂದ ತಮಿಳುನಾಡು, ಕೇರಳ, ಗೋವಾ ಮೊದಲಾದ ಕಡೆಗಳಲ್ಲಿ ಯಾದಿಗಳ ವಿಶೇಷ ತೀವ್ರ ಪರಿಷ್ಕರಣೆ ನಡೆಯಿತು. ಸತ್ತವರು, ವಾಸ ಬದಲಿಸಿದವರು, ಮನೆಯಲ್ಲಿ ಸಿಗದವರು, ಎರಡು ಕಡೆ ಇರುವವರು ಎಂದು ವಿಂಗಡಿಸಿ ಹೆಸರುಗಳನ್ನು ತೆಗೆಯುವ ಕ್ರಮವಿದು. ಇದರ ಸರಿ ತಪ್ಪುಗಳ ಬಗ್ಗೆ ನ್ಯಾಯಾಲಯದಲ್ಲಿಯೂ ಹೊರಗೂ ವಾದಗಳು ನಡೆದಿವೆ. ನಾನು ಹೇಳುವುದಿಷ್ಟೆ: ಇಂಥ ಪರಿಶೀಲನೆಯಲ್ಲಿ ಮೊದಲು ಸಿಕ್ಕಿಬೀಳುವವರು ವಲಸೆಗಾರರು. ಬಾಡಿಗೆ ಮನೆ ಬದಲಿಸುವವರು ನಾವು, ರಜೆಗೆ ಊರಿಗೆ ಹೋದಾಗ ಬಾಗಿಲು ಹಾಕಿರುವ ಮನೆಯೂ ನಮ್ಮದೇ.

ಮತ ಹಾಕಿದರೆ ಏನು ಬಂತು ಎಂದು ಕೇಳುವವರಿಗೆ ಒಂದೆರಡು ಮಾತು. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಅವುಗಳಲ್ಲಿ ಕನ್ನಡವೂ ಒಂದು. ಹೋಟೆಲು ಕೆಲಸಗಾರರ, ಗಿರಣಿ ಕೆಲಸಗಾರರ ಮಕ್ಕಳು ಈ ಶಾಲೆಗಳಲ್ಲಿ ಓದಿ ಮುಂದೆ ಬಂದರು. ಇಂದು ಅಲ್ಲಿ ಮಕ್ಕಳ ಸಂಖ್ಯೆ ಇಳಿದಿದೆ. ಶಾಲೆಯನ್ನು ಉಳಿಸಬೇಕೇ, ಬೇರೆ ಶಾಲೆಯೊಡನೆ ಸೇರಿಸಬೇಕೇ, ಕನ್ನಡ ಶಿಕ್ಷಕರನ್ನು ನೇಮಿಸಬೇಕೇ ಎಂಬುದು ಬೆಂಗಳೂರಿನಲ್ಲಿ ತೀರ್ಮಾನವಾಗುವುದಿಲ್ಲ. ಅದು ಪಾಲಿಕೆಯ ಕಟ್ಟಡದಲ್ಲಿ ತೀರ್ಮಾನವಾಗುತ್ತದೆ. ಹೋಟೆಲಿನ ಆರೋಗ್ಯ ಪರವಾನಗಿ, ಚಾಳಿನ ನೀರು, ಗಟಾರ, ಆಸ್ಪತ್ರೆ, ಸ್ಮಶಾನ ಎಲ್ಲವೂ ಅಲ್ಲಿಯದೇ. ನಾವು ಮನವಿ ಪತ್ರ ಹಿಡಿದು ನಗರಸೇವಕನ ಬಳಿಗೆ ಹೋದಾಗ ಆತ ಮೊದಲು ನೋಡುವುದು ಈ ವಾರ್ಡಿನಲ್ಲಿ ಇವರ ಹೆಸರುಗಳು ಎಷ್ಟಿವೆ ಎಂಬುದನ್ನೇ. ಕನ್ನಡಿಗರೆಲ್ಲರೂ ಒಂದೇ ಪಕ್ಷಕ್ಕೆ ಮತ ಹಾಕಬೇಕೆಂದು ನಾನು ಹೇಳುತ್ತಿಲ್ಲ; ಅದು ಸಾಧುವೂ ಅಲ್ಲ, ಸಾಧ್ಯವೂ ಅಲ್ಲ. ಯಾರಿಗೇ ಹಾಕಿರಿ, ಯಾದಿಯಲ್ಲಿ ಇರಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಈ ದಿಸೆಯಲ್ಲಿ ಸಂಘಗಳು ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸಿ ಮುಗಿಸುತ್ತೇನೆ. ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ. ಪ್ರತಿಯೊಂದರ ಸುಮಾರಿಗೆ ಸಂಘದ ಕಛೇರಿಯಲ್ಲಿ ಒಂದು ಭಾನುವಾರ ನಮೂನೆ ತುಂಬಿಸುವ ಏರ್ಪಾಡು ಮಾಡಬೇಕು. ಹದಿನೆಂಟು ತುಂಬಿದ ಮಕ್ಕಳನ್ನು ತಂದೆತಾಯಿಗಳು ಕರೆತರಬೇಕು. ಎರಡನೆಯದಾಗಿ, ಕರಡು ಯಾದಿ ಬಂದಾಗ ಆಯಾ ಬಡಾವಣೆಯ ಸದಸ್ಯರು ಅದನ್ನು ಓದಿ, ಬಿಟ್ಟುಹೋದ, ತಪ್ಪಾಗಿ ಅಚ್ಚಾದ ಹೆಸರುಗಳನ್ನು ಗುರುತಿಸಬೇಕು. ಆಕ್ಷೇಪಣೆಯನ್ನು ಅವಧಿಯೊಳಗೆ ಸಲ್ಲಿಸಬೇಕು. ಮೂರನೆಯದಾಗಿ, ಹೋಟೆಲು, ಕ್ಯಾಂಟೀನು, ಕಟ್ಟಡ ಕೆಲಸದ ಸ್ಥಳಗಳಿಗೆ ನಮ್ಮ ತರುಣರು ಹೋಗಿ ಅಲ್ಲಿಯ ಕೆಲಸಗಾರರಿಗೆ, ಇಲ್ಲಿ ಹೆಸರು ಬರೆಯಿಸುವುದು ನ್ಯಾಯವೇ, ಊರಿನಲ್ಲಿ ಇರಿಸುವುದು ನ್ಯಾಯವೇ ಎಂದು ತಿಳಿಯ ಹೇಳಬೇಕು. ರಾಜ್ಯೋತ್ಸವಕ್ಕೆ ಮಾಡುವ ವೆಚ್ಚದ ಸಣ್ಣ ಪಾಲು ಈ ಕೆಲಸಕ್ಕೆ ಸಾಕಾಗುತ್ತದೆ.

ಇಲ್ಲಿ ಹೆಸರು ಬರೆಯಿಸಿದರೆ ಊರಿನ ಋಣ ಹರಿದುಹೋಗುವುದಿಲ್ಲ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ಹೊರನಾಡಿನವರು ಕೊಡುತ್ತ ಬಂದಿರುವ ದೇಣಿಗೆಯೇ ಇದಕ್ಕೆ ಸಾಕ್ಷಿ. ಊರನ್ನು ಪ್ರೀತಿಸಲು ಊರಿನ ಯಾದಿಯಲ್ಲಿ ಹೆಸರು ಬೇಕಿಲ್ಲ. ಆದರೆ ನಾವು ನೀರು ಕುಡಿಯುವ, ನಮ್ಮ ಮಕ್ಕಳು ಶಾಲೆಗೆ ಹೋಗುವ ನಗರದಲ್ಲಿ ಮಾತು ನಡೆಯಬೇಕಾದರೆ ಆ ನಗರದ ಯಾದಿಯಲ್ಲಿ ನಮ್ಮ ಹೆಸರು ಇರಲೇಬೇಕು.